ಕಾಲೇಜಿನಲ್ಲಿ ಸಂಗೀತ ಓದಬೇಕೆಂದಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಂಗೀತದಲ್ಲಿ ಪದವಿ ಮಾಡಲು ಹೊರಟವರು, ಅವರ ತಂದೆತಾಯಂದಿರು, ಆಗಲೇ ಮೊದಲ ವರ್ಷ ಸೇರಿ ಕಂಗಾಲಾಗಿ ಕೂತವರು, ಇವರೆಲ್ಲ ಕೇಳುವುದು ಬಹುಪಾಲು ಅವೇ ಪ್ರಶ್ನೆಗಳನ್ನು. ತರಗತಿ ಮುಗಿದ ಮೇಲೆ ಬಾಗಿಲ ಬಳಿ ನಿಂತು ಎಷ್ಟೋ ಸಲ ಕೊಟ್ಟ ಉತ್ತರಗಳನ್ನೇ ಇಲ್ಲಿ ಸ್ವಲ್ಪ ಸಾವಧಾನವಾಗಿ ಬರೆದಿದ್ದೇನೆ. ನಾನು ಕಲಿತದ್ದು, ಕಲಿಸುವುದು ಕರ್ನಾಟಕ ಸಂಗೀತ, ಹಾಗಾಗಿ ಉದಾಹರಣೆಗಳು ಹೆಚ್ಚಾಗಿ ಅಲ್ಲಿಂದಲೇ ಬಂದಿವೆ. ಹಿಂದೂಸ್ತಾನಿ ಅಥವಾ ಪಾಶ್ಚಾತ್ಯ ಸಂಗೀತ ಓದುವವರಿಗೂ ಇದರಲ್ಲಿ ಬಹಳಷ್ಟು ಹೊಂದುತ್ತದೆ.

ಸಂಗೀತದ ಪದವಿಯಲ್ಲಿ ನಿಜವಾಗಿ ಏನೇನು ಓದುತ್ತಾರೆ?

ನಮ್ಮ ಪರಂಪರೆಯಲ್ಲಿ ಇದಕ್ಕೆ ಎರಡು ಒಳ್ಳೆಯ ಪದಗಳಿವೆ: ಲಕ್ಷ್ಯ ಮತ್ತು ಲಕ್ಷಣ. ಹಾಡಿ, ನುಡಿಸಿ ತೋರಿಸುವುದು ಲಕ್ಷ್ಯ. ಅದು ಹೇಗಿದೆ, ಯಾಕೆ ಹಾಗಿದೆ ಎಂದು ಬಿಡಿಸಿ ಹೇಳುವುದು ಲಕ್ಷಣ. ಕಾಲೇಜಿನ ಪಠ್ಯಕ್ರಮ ಯಾವುದೇ ಇರಲಿ, ಈ ಎರಡರ ಸುತ್ತಲೇ ಇರುತ್ತದೆ. ಒಂದು ಕಡೆ ಗಾಯನ ಅಥವಾ ವಾದ್ಯದ ಪಾಠ, ಗುಂಪಿನಲ್ಲಿ ನುಡಿಸುವ ಅಭ್ಯಾಸ, ವರ್ಷದ ಕೊನೆಗೆ ವೇದಿಕೆಯ ಪರೀಕ್ಷೆ. ಇನ್ನೊಂದು ಕಡೆ ರಾಗಲಕ್ಷಣ, ತಾಳಶಾಸ್ತ್ರ, ಸ್ವರಲಿಪಿ, ಇತಿಹಾಸ, ನಾದದ ಭೌತವಿಜ್ಞಾನ. ಪಾಶ್ಚಾತ್ಯ ಪದ್ಧತಿಯಾದರೆ ಹಾರ್ಮನಿ (ಸ್ವರಗಳನ್ನು ಒಟ್ಟಿಗೆ ಕೂಡಿಸುವ ವಿದ್ಯೆ), ಕೌಂಟರ್‌ಪಾಯಿಂಟ್ (ಹಲವು ಸ್ವರಸಾಲುಗಳನ್ನು ಜೊತೆಜೊತೆಗೆ ನಡೆಸುವ ವಿದ್ಯೆ), ರಚನೆಗಳ ವಿಶ್ಲೇಷಣೆ ಸೇರುತ್ತವೆ. ನಡುವೆ ಕಿವಿಗೆ ತರಬೇತಿ ಕೊಡುವ ತರಗತಿಯೊಂದು ಇರುತ್ತದೆ, ಅಥವಾ ಇರಬೇಕು. ವಿದ್ಯಾರ್ಥಿಗಳು ಕಡಿಮೆ ಗಮನ ಕೊಡುವ ತರಗತಿ ಅದು. ಲಕ್ಷ್ಯವನ್ನೂ ಲಕ್ಷಣವನ್ನೂ ಒಂದುಗೂಡಿಸುವುದು ಅದೇ ಎಂಬುದು ನನ್ನ ನಂಬಿಕೆ. ಕೆಳಗಿನ ಉತ್ತರಗಳಲ್ಲಿ ಕಿವಿಯ ಮಾತು ಮತ್ತೆ ಮತ್ತೆ ಬರುವುದಕ್ಕೆ ಕಾರಣ ಅದು.

ಗುರುಗಳ ಬಳಿ ಮನೆಪಾಠ ನಡೆಯುತ್ತಿದೆ. ಕಾಲೇಜು ಬೇರೆ ಬೇಕೇ?

ಕಛೇರಿ ಮಾಡುವುದಷ್ಟೇ ಗುರಿಯಾದರೆ ಬೇಕೇ ಬೇಕು ಎಂದು ಹೇಳಲಾರೆ. ಒಳ್ಳೆಯ ಗುರುಗಳ ಎದುರು ಹತ್ತು ವರ್ಷ ಕೂತು ಪಡೆಯುವ ಪಾಠಾಂತರಕ್ಕೆ ಯಾವ ಸೆಮಿಸ್ಟರೂ ಸಮನಲ್ಲ.

ಸಂಗೀತವನ್ನು ಶಾಲೆಯಲ್ಲಿ ಕಲಿಸುವುದು ಹೊಸ ಸಂಗತಿಯೇನಲ್ಲ. ಪ್ಯಾರಿಸ್ಸಿನ ಕನ್ಸರ್ವೇಟರಿ ಶುರುವಾದದ್ದು 1795ರಲ್ಲಿ. ಜರ್ಮನ್ ಸಂಗೀತ ಸಂಯೋಜಕ ಮೆಂಡೆಲ್ಸನ್ ಲೈಪ್ಸಿಗ್‌ನಲ್ಲಿ ಕನ್ಸರ್ವೇಟರಿ ತೆರೆದದ್ದು 1843ರಲ್ಲಿ. ಹಿಂದೂಸ್ತಾನಿ ಗಾಯಕ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದಾಗ, ಘರಾಣೆಯ, ಅಂದರೆ ಸಂಗೀತದ ಮನೆತನದ, ಮನೆಯೊಳಗೆ ಮಾತ್ರ ಸಿಗುತ್ತಿದ್ದ ವಿದ್ಯೆಗೆ ಎಲ್ಲರೂ ಬರಬಹುದಾದ ಒಂದು ಬಾಗಿಲು ಸಿಕ್ಕಿತು. 1926ರಲ್ಲಿ ಸಂಗೀತಶಾಸ್ತ್ರಜ್ಞ ಭಾತಖಂಡೆಯವರು ಲಖನೌದಲ್ಲಿ ಇನ್ನೊಂದು ಕಾಲೇಜು ಕಟ್ಟಿದರು. ಇವರ ಶ್ರಮದ ದೊಡ್ಡ ಫಲ ಎಂದರೆ, ಯಾರ ಮಗ, ಯಾವ ಮನೆತನ ಎಂದು ಕೇಳದೆ ಕಲಿಸುವ ಜಾಗ ಹುಟ್ಟಿಕೊಂಡದ್ದು. ಇವತ್ತಿಗೂ ಕಾಲೇಜಿನ ಪರವಾಗಿ ಮೊದಲು ಹೇಳಬೇಕಾದ ಮಾತು ಇದೇ.

ಇನ್ನೊಂದು ಲಾಭವಿದೆ. ಮನೆಪಾಠದಲ್ಲಿ ನೀವು ಒಂದೇ ಬಾನಿ (ಹಾಡುವ ಶೈಲಿ) ಕೇಳುತ್ತೀರಿ. ಕಾಲೇಜಿನಲ್ಲಿ ನಾಲ್ಕು ಬಾನಿಯವರು ನಾಲ್ಕು ರೀತಿ ತೋಡಿ ರಾಗ ಹಾಡುವುದನ್ನು ಒಂದೇ ವಾರದಲ್ಲಿ ಕೇಳುತ್ತೀರಿ. ಮೊದಲು ಗೊಂದಲವಾಗುತ್ತದೆ, ಆಮೇಲೆ ಕಿವಿ ಅಗಲವಾಗುತ್ತದೆ. ಸಾಧ್ಯವಾದರೆ ಗುರುಗಳ ಪಾಠವನ್ನೂ ಬಿಡಬೇಡಿ. ಕಾಲೇಜು ಸೇರುವ ವಿಷಯವನ್ನು ಅವರಿಗೆ ನೀವೇ ಮೊದಲು ತಿಳಿಸಿ. ಬೇರೆಯವರ ಬಾಯಿಂದ ತಿಳಿದರೆ ಯಾರಿಗಾದರೂ ನೋವಾಗುತ್ತದೆ.

ಶಾಸ್ತ್ರ ಓದದೆಯೇ ದೊಡ್ಡ ವಿದ್ವಾಂಸರು ಹಾಡಲಿಲ್ಲವೇ? ನಾನೇಕೆ ಓದಬೇಕು?

ಈ ಪ್ರಶ್ನೆಯನ್ನು ನನಗೆ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಆ ವಿದ್ವಾಂಸರು ಪರೀಕ್ಷೆಗೆ ಓದಿರಲಿಕ್ಕಿಲ್ಲ, ಆದರೆ ಶಾಸ್ತ್ರ ಗೊತ್ತಿರಲಿಲ್ಲ ಎನ್ನಲಾಗದು. ನೂರಾರು ಕೃತಿಗಳನ್ನು ಬಾಯಿಗೆ ತಂದುಕೊಂಡವರ ಕಿವಿಯೊಳಗೇ ಲಕ್ಷಣಗ್ರಂಥ ಇರುತ್ತದೆ. ಅದಕ್ಕೆ ಹೆಸರಿಟ್ಟು ಬರೆಯುವ ಅಗತ್ಯ ಅವರಿಗೆ ಬೀಳಲಿಲ್ಲ.

ಒಂದು ನಿದರ್ಶನ ಹೇಳುತ್ತೇನೆ. ಭೈರವಿ ರಾಗದ ಅಟತಾಳ ವರ್ಣವನ್ನು ಬಾಲ್ಯದಿಂದ ಸೊಗಸಾಗಿ ಹಾಡುತ್ತಿದ್ದ ಹುಡುಗಿಯೊಬ್ಬಳು ಕಾಲೇಜಿಗೆ ಬಂದಳು. ಕಲ್ಪನಾಸ್ವರ, ಅಂದರೆ ಅಲ್ಲೇ ಹೊಸದಾಗಿ ಹೆಣೆಯುವ ಸ್ವರಗಳನ್ನು, ಹಾಡು ಎಂದಾಗ ಎರಡೇ ಆವರ್ತಕ್ಕೆ (ತಾಳದ ಎರಡೇ ಸುತ್ತಿಗೆ) ತಡವರಿಸಿದಳು. ಪ ದ ನಿ ಸ ಎಂದು ಏರುವಾಗ ಒಂದು ಸಲ ಸರಿಯಾಗಿ ಬರುವುದು, ಇನ್ನೊಂದು ಸಲ ಎಲ್ಲೋ ಜಾರುವುದು. ಭೈರವಿಯಲ್ಲಿ ಎರಡು ಧೈವತಗಳಿವೆ: ಏರುವಾಗ ಎತ್ತರದ ಚತುಶ್ರುತಿ, ಇಳಿಯುವಾಗ ಅದಕ್ಕಿಂತ ತಗ್ಗಿನ ಶುದ್ಧ. ಅವಳು ಅಷ್ಟು ವರ್ಷ ಎರಡನ್ನೂ ತಪ್ಪಿಲ್ಲದೆ ಹಾಡುತ್ತಿದ್ದಳು, ಆದರೆ ಅವು ಎರಡು ಎಂದು ಗಮನಿಸಿರಲಿಲ್ಲ. ಸಾಹಿತ್ಯದ ಆಸರೆ ಇದ್ದಷ್ಟು ಹೊತ್ತು ಧೈವತ ತಾನಾಗಿ ಬರುತ್ತಿತ್ತು, ಆಸರೆ ತೆಗೆದೊಡನೆ ಕೈಬಿಟ್ಟಿತು. ಅವತ್ತು ಅದೇ ವರ್ಣವನ್ನು ನಿಧಾನವಾಗಿ ಹಾಡಿಸಿ, ಪ್ರತಿ ಧೈವತದ ಬಳಿ ನಿಲ್ಲಿಸಿ, 'ಇದು ಯಾವುದು?' ಎಂದು ಕೇಳುತ್ತ ಹೋದೆವು. ಒಂದು ತಾಸು ಹಿಡಿಯಿತು. ಮರುವಾರ ಅವಳ ಸ್ವರಗಳಲ್ಲಿ ಅಂಜಿಕೆ ಇರಲಿಲ್ಲ.

ಆರೋಹಣ ಅವರೋಹಣ ಬರೆದುಬಿಟ್ಟರೆ ಶಾಸ್ತ್ರ ಮುಗಿಯಿತು ಎಂದುಕೊಳ್ಳುವವರೂ ಇದ್ದಾರೆ. ಹಿಂದೂಸ್ತಾನಿಯ ಭೂಪಾಲಿ ಮತ್ತು ದೇಶಕಾರ್ ಎರಡರಲ್ಲೂ ಇರುವುದು ಸ ರಿ ಗ ಪ ದ, ಅವೇ ಐದು ಸ್ವರಗಳು. ಕಾಗದದ ಮೇಲೆ ಎರಡೂ ಒಂದೇ. ಆದರೆ ಭೂಪಾಲಿ ಗಾಂಧಾರದ ಸುತ್ತ ಸುಳಿಯುತ್ತದೆ, ದೇಶಕಾರ್ ಧೈವತದ ಮೇಲೆ ನಿಂತು ತಾರಸ್ಥಾಯಿಯತ್ತ ನೋಡುತ್ತದೆ. ರಾಗಗಳನ್ನು ಥಾಟ್ ಎಂಬ ಗುಂಪುಗಳಾಗಿ ವಿಂಗಡಿಸುವಾಗ ಭೂಪಾಲಿಯನ್ನು ಕಲ್ಯಾಣ್ ಥಾಟಿನಲ್ಲಿ, ದೇಶಕಾರನ್ನು ಬಿಲಾವಲ್ ಥಾಟಿನಲ್ಲಿ ಇಟ್ಟಿದ್ದಾರೆ. ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಲ್ಲುತ್ತೀರಿ, ಎಲ್ಲಿಂದ ಅದನ್ನು ಮುಟ್ಟುತ್ತೀರಿ ಎಂಬುದರಲ್ಲಿ ರಾಗದ ಜೀವವಿದೆ. ಒಳ್ಳೆಯ ಶಾಸ್ತ್ರದ ಪಾಠ ಅದನ್ನೇ ಕೇಳಿಸುತ್ತದೆ.

72 ಮೇಳಕರ್ತಗಳನ್ನು ಬಾಯಿಪಾಠ ಮಾಡಲೇಬೇಕೇ?

ಮೇಳಕರ್ತ ಎಂದರೆ ಏಳೂ ಸ್ವರಗಳಿರುವ ಮೂಲ ರಾಗ, ಉಳಿದ ರಾಗಗಳನ್ನು ಇವುಗಳಿಂದ ಹುಟ್ಟಿದವು ಎಂದು ಎಣಿಸುತ್ತಾರೆ. ಬಾಯಿಪಾಠ ಮಾಡಿದರೆ ನಷ್ಟವಿಲ್ಲ. ಆದರೆ ಆ ವ್ಯವಸ್ಥೆಯ ಸೊಬಗು ಇರುವುದೇ ಬಾಯಿಪಾಠ ಬೇಡವಾಗುವಂತೆ ಅದನ್ನು ಕಟ್ಟಿರುವುದರಲ್ಲಿ. 17ನೆಯ ಶತಮಾನದಲ್ಲಿ ಶಾಸ್ತ್ರಕಾರ ವೆಂಕಟಮಖಿ ಹಾಕಿದ ಲೆಕ್ಕ ಸರಳವಾಗಿದೆ: ರಿಷಭ ಗಾಂಧಾರಗಳ ಜೋಡಿ ಆರು ಬಗೆ, ಧೈವತ ನಿಷಾದಗಳ ಜೋಡಿ ಆರು ಬಗೆ, ಮಧ್ಯಮ ಎರಡು. ಆರಾರಲೆ ಮೂವತ್ತಾರು, ಅದರ ಎರಡರಷ್ಟು ಎಪ್ಪತ್ತೆರಡು.

ಆಮೇಲೆ ಬಂದ ಮೇಳದ ಹೆಸರುಗಳಲ್ಲಿ ಅಕ್ಷರಗಳಿಗೆ ಅಂಕೆ ಕೊಡುವ ಕಟಪಯಾದಿ ಸೂತ್ರದ ಪ್ರಕಾರ ಸಂಖ್ಯೆಯನ್ನೇ ಅಡಗಿಸಿಟ್ಟಿದ್ದಾರೆ. ಮಾಯಾಮಾಳವಗೌಳದ ಮೊದಲೆರಡು ಅಕ್ಷರ ತೆಗೆದುಕೊಳ್ಳಿ. ಪವರ್ಗದಲ್ಲಿ ಮ ಐದನೆಯದು, ಯವರ್ಗದಲ್ಲಿ ಯ ಒಂದನೆಯದು. 51 ಎಂಬುದನ್ನು ತಿರುಗಿಸಿದರೆ 15. ಧೀರಶಂಕರಾಭರಣದಲ್ಲಿ ಧ ಒಂಬತ್ತು, ರ ಎರಡು, ತಿರುಗಿಸಿದರೆ 29. ಮೇಚಕಲ್ಯಾಣಿಯಲ್ಲಿ ಮ ಐದು, ಚ ಆರು, ತಿರುಗಿಸಿದರೆ 65. ಈ ಕೊನೆಯ ಎರಡರ ನಡುವಿನ ಅಂತರ ಸರಿಯಾಗಿ 36. ಅಂದರೆ ಶಂಕರಾಭರಣದ ಶುದ್ಧ ಮಧ್ಯಮವನ್ನು ಪ್ರತಿ ಮಧ್ಯಮ ಮಾಡಿದರೆ ಕಲ್ಯಾಣಿ.

ಸಂಖ್ಯೆ ಸಿಕ್ಕರೆ ಸ್ವರಗಳೂ ಸಿಗುತ್ತವೆ. ಮೇಳಗಳನ್ನು ಚಕ್ರ ಎಂಬ ಗುಂಪುಗಳಾಗಿ ಹಂಚಿದ್ದಾರೆ, ಚಕ್ರವೊಂದಕ್ಕೆ ಆರು ಮೇಳ. 15 ಎಂದರೆ ಮೂರನೆಯ ಚಕ್ರದ ಮೂರನೆಯ ಮೇಳ. ಚಕ್ರದ ಹೆಸರು ಅಗ್ನಿ, ಅಗ್ನಿಗಳು ಮೂರು ಎಂಬ ಎಣಿಕೆಯಿಂದ ಬಂದದ್ದು. ಮೂರನೆಯ ಚಕ್ರಕ್ಕೆ ಶುದ್ಧ ರಿಷಭ, ಅಂತರ ಗಾಂಧಾರ. ಮೂರನೆಯ ಸ್ಥಾನಕ್ಕೆ ಶುದ್ಧ ಧೈವತ, ಕಾಕಲಿ ನಿಷಾದ. ಪುರಂದರದಾಸರ ಕಾಲದಿಂದ ಎಂದು ನಂಬಿಕೊಂಡು ಬಂದಿರುವ ಸರಳೆ ವರಸೆಗಳನ್ನು ನಾವು ಕಲಿಯುವುದು ಇದೇ ಮಾಯಾಮಾಳವಗೌಳದಲ್ಲಿ. ಲೆಕ್ಕದಿಂದ ಬಂದ ಮೇಳವನ್ನು ಒಮ್ಮೆ ಹಾಡಿಬಿಡಿ. ಹಾಡದೆ ಬರೆದಿಟ್ಟ ಮೇಳ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ.

ಕಿವಿಯ ತರಬೇತಿ ಎಂದರೇನು? ಹುಟ್ಟಿನಿಂದ ಬರದಿದ್ದರೆ ಬರುತ್ತದೆಯೇ?

ಬರುತ್ತದೆ. ಯಾವ ಆಧಾರವೂ ಇಲ್ಲದೆ ಒಂದು ನಾದ ಕೇಳಿದೊಡನೆ ಅದು ಇಂಥದ್ದೇ ಸ್ವರ ಎನ್ನುವ ಶಕ್ತಿ ಕೆಲವೇ ಜನರಲ್ಲಿರುತ್ತದೆ. ಅದು ಇಲ್ಲದಿದ್ದರೆ ಯಾವ ಕೊರತೆಯೂ ಇಲ್ಲ. ನಮ್ಮ ಸಂಗೀತದಲ್ಲಂತೂ ಷಡ್ಜವೇ ಹಾಡುವವರ ಶಾರೀರಕ್ಕೆ ತಕ್ಕಂತೆ ಬದಲಾಗುತ್ತದೆ. ಬೇಕಾದದ್ದು ಒಂದು ಸ್ವರಕ್ಕೂ ಇನ್ನೊಂದಕ್ಕೂ ಇರುವ ದೂರವನ್ನು ಗುರುತಿಸುವ ಕಿವಿ. ಅದು ಅಭ್ಯಾಸದಿಂದ ಬರುವಂಥದ್ದು.

ತಂಬೂರಿಯಿಂದ ಶುರುಮಾಡಿ. ಚೆನ್ನಾಗಿ ಶ್ರುತಿ ಸೇರಿಸಿದ ತಂಬೂರಿಯ ಮಂದ್ರ ತಂತಿಯನ್ನು ಮೀಟಿ, ಅದು ಆರುವವರೆಗೂ ಸುಮ್ಮನೆ ಕೇಳಿ. ತಂತಿಯನ್ನು ಷಡ್ಜಕ್ಕೆ ಸೇರಿಸಿದ್ದರೂ ಒಳಗಿನಿಂದ ಅಂತರ ಗಾಂಧಾರ ಮೇಲೇಳುತ್ತದೆ. ತಂತಿ ಇಡಿಯಾಗಿ ಕಂಪಿಸುವುದರ ಜೊತೆಗೆ ಎರಡು, ಮೂರು, ನಾಲ್ಕು, ಐದು ಭಾಗಗಳಾಗಿಯೂ ಕಂಪಿಸುತ್ತಿರುತ್ತದೆ, ಐದನೆಯ ಭಾಗದ ನಾದವೇ ಆ ಗಾಂಧಾರ. ಸ್ವಯಂಭೂ ಗಾಂಧಾರ ಎಂದು ಹಿರಿಯರು ಅದನ್ನು ಕರೆದದ್ದು ಎಷ್ಟು ಸರಿ! ಮೊದಲ ದಿನ ಕೇಳಿಸದಿದ್ದರೆ ಬೇಸರ ಬೇಡ. ಹತ್ತು ದಿನ ಐದೈದು ನಿಮಿಷ ಕೂತವರಿಗೆ ಸಾಮಾನ್ಯವಾಗಿ ಕೇಳಿಸಿದೆ. ಒಮ್ಮೆ ಕೇಳಿಸಿದ ಮೇಲೆ ನಿಮ್ಮ ಗಾಂಧಾರವನ್ನು ಎಲ್ಲಿ ನಿಲ್ಲಿಸಬೇಕು ಎಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಆಮೇಲೆ ದಿನಕ್ಕೊಂದು ಚಿಕ್ಕ ಕೆಲಸ: ಗೊತ್ತಿರುವ ಹಾಡಿನ ಒಂದು ಸಾಲು ತೆಗೆದುಕೊಂಡು, ವಾದ್ಯ ಮುಟ್ಟದೆ, ಅದರ ಸ್ವರ ಬರೆಯಿರಿ. ಬರೆದದ್ದನ್ನು ಹಾಡಿ ನೋಡಿ. ಕೊನೆಗೆ ಮಾತ್ರ ವಾದ್ಯದಲ್ಲಿ ಪರೀಕ್ಷಿಸಿ. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಕೆಲಸ ಬೆರಳಿಗಾಗುತ್ತದೆ, ಕಿವಿಗಾಗುವುದಿಲ್ಲ.

ಕೀಬೋರ್ಡ್ ಜೊತೆ ಅಭ್ಯಾಸ ಮಾಡಿದರೆ ಶ್ರುತಿ ಕೆಡುತ್ತದೆಯೇ?

ಕೀಬೋರ್ಡನ್ನು ದೂರುವ ಮೊದಲು ಅದು ಹಾಗೇಕಿದೆ ಎಂದು ತಿಳಿಯುವುದು ಒಳ್ಳೆಯದು. ಷಡ್ಜದಿಂದ ಶುದ್ಧವಾದ ಪಂಚಮ, ಆ ಪಂಚಮಕ್ಕೆ ಮತ್ತೊಂದು ಪಂಚಮ, ಹೀಗೆ ಹನ್ನೆರಡು ಸಲ ಹತ್ತಿದರೆ ಏಳು ಸ್ಥಾಯಿ ಮೇಲಿನ ಷಡ್ಜಕ್ಕೆ ಮರಳಬೇಕು. ಮರಳುವುದಿಲ್ಲ. ಸುಮಾರು 23.5 ಸೆಂಟ್‌ನಷ್ಟು ಮೇಲೆ ಹೋಗಿಬಿಡುತ್ತದೆ. ಸೆಂಟ್ ಎಂಬುದು ಅಲೆಕ್ಸಾಂಡರ್ ಎಲ್ಲಿಸ್ 1885ರಲ್ಲಿ ಬಳಕೆಗೆ ತಂದ ಅಳತೆ: ಒಂದು ಸ್ಥಾಯಿಗೆ 1200 ಸೆಂಟ್. ಮಿಗುವ ಈ ಚೂರನ್ನು ಹನ್ನೆರಡು ಸ್ವರಗಳಿಗೂ ಸಮನಾಗಿ ಹಂಚಿ, ಪ್ರತಿ ಮೆಟ್ಟಿಲನ್ನೂ 100 ಸೆಂಟ್ ಮಾಡಿದ್ದು ಕೀಬೋರ್ಡಿನ ಈಗಿನ ಶ್ರುತಿ. ಹಾಗೆ ಮಾಡಿದ್ದರಿಂದ ಯಾವ ಸ್ವರವನ್ನು ಷಡ್ಜ ಮಾಡಿಕೊಂಡರೂ ನುಡಿಸಬಹುದು. ಬೇರೆ ಬೇರೆ ಸ್ಕೇಲುಗಳಿಗೆ ಓಡಾಡುವ ಪಾಶ್ಚಾತ್ಯ ಸಂಗೀತಕ್ಕೆ ಅದು ಬೇಕೇ ಬೇಕಾಗಿತ್ತು.

ಅದರ ಬೆಲೆಯನ್ನು ಗಾಂಧಾರ ತೆತ್ತಿತು. ತಂಬೂರಿ ತಾನಾಗಿ ಕೊಡುವ ಗಾಂಧಾರ ಷಡ್ಜದಿಂದ 386 ಸೆಂಟ್ ದೂರ, ಕೀಬೋರ್ಡಿನದು 400. ಹದಿನಾಲ್ಕು ಸೆಂಟಿನ ಈ ವ್ಯತ್ಯಾಸ ತರಬೇತಾದ ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಪಂಚಮದಲ್ಲಿ ವ್ಯತ್ಯಾಸ ಎರಡೇ ಸೆಂಟ್, ಅದು ಬಾಧಕವಲ್ಲ. ಹಾಗಾಗಿ ಷಡ್ಜ ಪಂಚಮ ಹಿಡಿದುಕೊಳ್ಳಲು ಕೀಬೋರ್ಡ್ ಬಳಸಿದರೆ ತೊಂದರೆಯಿಲ್ಲ. ಪ್ರತಿ ಸ್ವರವನ್ನೂ ಅದರೊಂದಿಗೆ ಒತ್ತುತ್ತ ಹಾಡುವುದನ್ನು ಮಾತ್ರ ರೂಢಿ ಮಾಡಿಕೊಳ್ಳಬೇಡಿ. ಸ್ವರವನ್ನು ತೂಗಿಸಿ, ಜಾರಿಸಿ ಹಾಡುವ ಗಮಕವಂತೂ ಅದರಲ್ಲಿ ಹುಟ್ಟುವುದೇ ಇಲ್ಲ.

ಸ್ವರಲಿಪಿ ಓದಲು ಬರದಿದ್ದರೆ ಸೇರಿಸಿಕೊಳ್ಳುತ್ತಾರೆಯೇ?

ಪಾಶ್ಚಾತ್ಯ ಸಂಗೀತದ ಕೋರ್ಸಿಗಾದರೆ ಸ್ಟಾಫ್ ನೊಟೇಷನ್ (ಗೆರೆಗಳ ಮೇಲೆ ಬರೆಯುವ ಸ್ವರಲಿಪಿ) ಓದಲು ಬರಲೇಬೇಕು, ಕಂಡೊಡನೆ ನುಡಿಸುವ ಪರೀಕ್ಷೆಯೂ ಹೆಚ್ಚಿನ ಕಡೆ ಇರುತ್ತದೆ. ದಿನವೂ ನಿಮ್ಮ ಮಟ್ಟಕ್ಕಿಂತ ಸುಲಭವಾದ ಹೊಸ ಪುಟವೊಂದನ್ನು ನಡುವೆ ನಿಲ್ಲಿಸದೆ ನುಡಿಸಿ. ತಪ್ಪಾದರೂ ಮುಂದೆ ಹೋಗುವುದೇ ಅದರ ಅಭ್ಯಾಸ.

ನಮ್ಮ ಸಂಗೀತದಲ್ಲಿ ಲಿಪಿ ನೆನಪಿಗೆ ಊರುಗೋಲು. 1904ರಲ್ಲಿ ಪ್ರಕಟವಾದ ತಮ್ಮ ಬೃಹತ್ ಸಂಗ್ರಹದಲ್ಲಿ ಸುಬ್ಬರಾಮ ದೀಕ್ಷಿತರು ಗಮಕಗಳಿಗೂ ಚಿಹ್ನೆ ಕೊಟ್ಟು ಬರೆದರು, ಅದು ಅಪಾರ ಶ್ರಮದ ಕೆಲಸ. ಆದರೂ ಆ ಚಿಹ್ನೆಯನ್ನು ಹೇಗೆ ಹಾಡಬೇಕೆಂದು ತಿಳಿಯಲು ಹಾಡುವವರೊಬ್ಬರ ಬಾಯಿ ಬೇಕು.

ತಾಳ ಹಾಕುತ್ತ ಹಾಡಿದರೆ ತಪ್ಪುತ್ತದೆ. ಏನು ಮಾಡಲಿ?

ಹಾಡನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಆದಿತಾಳ ಹಾಕುತ್ತ ಪ್ರತಿ ಅಕ್ಷರಕ್ಕೆ ತಕದಿಮಿ ಹೇಳಿ. ತಾಳದ ವೇಗ ಬದಲಿಸದೆ ತಕಿಟಕ್ಕೆ, ಆಮೇಲೆ ತಕತಕಿಟಕ್ಕೆ ಹೋಗಿ. ನಾಲ್ಕರಿಂದ ಮೂರಕ್ಕೆ, ಐದಕ್ಕೆ ಜಿಗಿಯುವಾಗ ಕೈ ಓಡುತ್ತದೆ ಅಥವಾ ತೂಕಡಿಸುತ್ತದೆ. ಅದನ್ನು ಹಿಡಿಯುವುದೇ ಪಾಠ. ಏಳು ತಾಳ, ಐದು ಜಾತಿ ಸೇರಿ ಮೂವತ್ತೈದು ತಾಳಗಳೆಂದು ಶಾಸ್ತ್ರದಲ್ಲಿ ಓದುತ್ತೀರಲ್ಲ, ಆ ಪಟ್ಟಿಯನ್ನು ಬರೀ ಬರೆಯದೆ ದಿನಕ್ಕೊಂದನ್ನು ಕೈಯಲ್ಲಿ ಹಾಕಿ ನೋಡಿ.

ಮೆಟ್ರೊನೋಮ್ ಬಳಸುವವರಿಗೆ ಒಂದು ಸಲಹೆ. ಪ್ರತಿ ಅಕ್ಷರಕ್ಕೂ ಅದು ಟಿಕ್ ಎನ್ನುತ್ತಿದ್ದರೆ ಲಯವನ್ನು ಅದು ಹೊತ್ತಿರುತ್ತದೆ, ನೀವು ಹಿಂದೆ ನಡೆಯುತ್ತಿರುತ್ತೀರಿ. ಆವರ್ತಕ್ಕೆ ಎರಡೇ ಸಲ, ಆಮೇಲೆ ಒಂದೇ ಸಲ ಬಡಿಯುವಂತೆ ಇಟ್ಟುಕೊಳ್ಳಿ. ನಡುವಿನ ಖಾಲಿಯನ್ನು ನೀವೇ ತುಂಬಬೇಕಾದಾಗ ಲಯ ಒಳಗಿಳಿಯುತ್ತದೆ.

ಪ್ರವೇಶದ ಆಡಿಷನ್‌ಗೆ ಹೇಗೆ ತಯಾರಾಗಬೇಕು?

ನಿಮಗೆ ಬರುವ ಅತಿ ಕಠಿಣ ರಚನೆಯನ್ನು ಬಿಟ್ಟುಬಿಡಿ. ನೆಗಡಿ ಬಂದ ದಿನ, ನಿದ್ದೆಗೆಟ್ಟ ದಿನವೂ ಚೆನ್ನಾಗಿ ಹಾಡಬಲ್ಲ ರಚನೆಯನ್ನು ಆರಿಸಿ. ಎದುರು ಕೂತವರು ಕಷ್ಟದ ಸಂಗತಿಗಳನ್ನು (ಒಂದೇ ಸಾಲನ್ನು ಬದಲಿಸಿ ಬದಲಿಸಿ ಹಾಡುವ ರೀತಿಗಳನ್ನು) ಎಣಿಸುತ್ತಿರುವುದಿಲ್ಲ. ನಾನು ಆ ಕಡೆ ಕೂತಾಗ ಮೊದಲು ಕೇಳುವುದು ವಿದ್ಯಾರ್ಥಿ ಶ್ರುತಿ ಸೇರಿಸಿಕೊಳ್ಳುವ ರೀತಿಯನ್ನು. ಅವಸರದಲ್ಲಿ ತಂತಿ ತಿರುಗಿಸಿ ಶುರುಮಾಡುವವರಿಗೂ, ಅರ್ಧ ನಿಮಿಷ ಹೆಚ್ಚು ತೆಗೆದುಕೊಂಡು ನಾದ ಕೂಡುವವರೆಗೆ ಕಾಯುವವರಿಗೂ ಬಹಳ ವ್ಯತ್ಯಾಸ.

ನಡುವೆ ನಿಲ್ಲಿಸಿ 'ಈ ಸಾಲನ್ನು ಇನ್ನೂ ನಿಧಾನವಾಗಿ ಹಾಡಿ' ಎಂದರೆ ಎದೆಗುಂದಬೇಡಿ. ಹೇಳಿಕೊಟ್ಟದ್ದನ್ನು ಹಿಡಿಯುವ ಗುಣವಿದೆಯೇ ಎಂದು ನೋಡಲು ಹಾಗೆ ಕೇಳುತ್ತಾರೆ. ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲ ಎನ್ನಿ. ಕಂಡೊಡನೆ ಹಾಡುವುದು, ಕೇಳಿದ ಸ್ವರಗಳನ್ನು ಮರಳಿ ಹಾಡುವುದು ಇಂಥ ಪರೀಕ್ಷೆಗಳು ಇವೆಯೇ ಎಂದು ಪ್ರಕಟಣೆಯಲ್ಲಿ ಮೊದಲೇ ಓದಿಕೊಳ್ಳಿ.

ದಿನಕ್ಕೆ ಎಷ್ಟು ಗಂಟೆ ಸಾಧನೆ ಮಾಡಬೇಕು?

ಹತ್ತು ಸಾವಿರ ಗಂಟೆ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದರ ಮೂಲ ಬರ್ಲಿನ್ನಿನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳ ಮೇಲೆ ಆಂಡರ್ಸ್ ಎರಿಕ್ಸನ್ ಮತ್ತು ಜೊತೆಗಾರರು ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ. ಇಪ್ಪತ್ತರ ವಯಸ್ಸಿಗೆ ಅತ್ಯುತ್ತಮರ ಗುಂಪಿನ ಸರಾಸರಿ ಹತ್ತು ಸಾವಿರದ ಆಸುಪಾಸಿನಲ್ಲಿತ್ತು. ಅದು ಸರಾಸರಿ ಎಂಬುದನ್ನು ಜನ ಮರೆತರು. ದಾಟಿದರೆ ವಿದ್ವಾಂಸರಾಗುವ ಗೆರೆ ಎಂದು ಅವರೂ ಹೇಳಿರಲಿಲ್ಲ. ಆ ಅಧ್ಯಯನದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ಬೇರೆ ಮಾತು: ಆ ವಿದ್ಯಾರ್ಥಿಗಳು ಒಂಟಿಯಾಗಿ, ಗುರಿಯಿಟ್ಟುಕೊಂಡು, ನಡುವೆ ಬಿಡುವು ಕೊಟ್ಟು ಅಭ್ಯಾಸ ಮಾಡುತ್ತಿದ್ದರು, ನಿದ್ದೆಯನ್ನೂ ಕಡೆಗಣಿಸುತ್ತಿರಲಿಲ್ಲ.

ಮೊದಲ ವರ್ಷದವರಿಗೆ ನಾನು ಹೇಳುವುದು ದಿನಕ್ಕೆ ಎರಡರಿಂದ ಮೂರು ಗಂಟೆ, ಮುಕ್ಕಾಲು ಗಂಟೆಯ ತುಂಡುಗಳಾಗಿ. ಪ್ರತಿ ತುಂಡಿಗೂ ಕೂರುವ ಮೊದಲೇ ಒಂದು ಕೆಲಸ ಗೊತ್ತಿರಬೇಕು. 'ಕಾಂಬೋಧಿ ಅಭ್ಯಾಸ' ಎಂದರೆ ಕೆಲಸವಲ್ಲ. 'ಅನುಪಲ್ಲವಿಯ ಮೂರನೆಯ ಸಂಗತಿಯಲ್ಲಿ ತಾರಷಡ್ಜದಿಂದ ಇಳಿಯುವಾಗ ನಿಷಾದ ಒರಟಾಗುತ್ತಿದೆ, ಅದನ್ನು ನಯ ಮಾಡಬೇಕು' ಎಂದರೆ ಕೆಲಸ. ತಪ್ಪುವ ಜಾಗ ಬಂದಾಗ ಮೊದಲಿನಿಂದ ಹಾಡುವುದು ಎಲ್ಲರಿಗೂ ಇರುವ ಚಟ. ಹಾಗೆ ಮಾಡಿದರೆ ಚೆನ್ನಾಗಿ ಬರುವ ಭಾಗವೇ ಇನ್ನೂ ಚೆನ್ನಾಗುತ್ತದೆ, ತಪ್ಪು ತನ್ನ ಜಾಗದಲ್ಲೇ ಇರುತ್ತದೆ. ತಪ್ಪುವ ಸ್ವರಕ್ಕಿಂತ ಎರಡು ಸ್ವರ ಹಿಂದಿನಿಂದ ಹಿಡಿದು ಎರಡು ಸ್ವರ ಮುಂದಿನವರೆಗೆ, ಅಷ್ಟನ್ನೇ, ನಿಧಾನವಾಗಿ.

ವಾರಕ್ಕೊಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಹಾಡುವಾಗ ನಮ್ಮ ದನಿ ತಲೆಬುರುಡೆಯ ಮೂಲಕವೂ ನಮಗೆ ಕೇಳುತ್ತದೆ, ಹಾಗಾಗಿ ಅದು ತುಂಬಿದಂತೆ ಅನ್ನಿಸುತ್ತದೆ. ರೆಕಾರ್ಡಿನಲ್ಲಿ ಕೇಳುವುದು ಬೇರೆಯವರಿಗೆ ಕೇಳುವ ದನಿ. ಮೊದಲ ಸಲ ನಿರಾಸೆಯಾಗುತ್ತದೆ, ನನಗೂ ಆಗಿತ್ತು.

ಗಂಟಲು ನೋಯುತ್ತದೆ, ಬೆರಳು ಸೆಳೆಯುತ್ತದೆ. ಸಾಧನೆ ಎಂದರೆ ಹೀಗೇ ಅಲ್ಲವೇ?

ಅಲ್ಲ. ದಯವಿಟ್ಟು ನೋವನ್ನು ತಪಸ್ಸು ಎಂದುಕೊಳ್ಳಬೇಡಿ.

ಒಂದು ಸ್ವರವನ್ನು 440 ಹರ್ಟ್ಸ್‌ನಲ್ಲಿ ಹಿಡಿದಾಗ ನಿಮ್ಮ ಧ್ವನಿತಂತುಗಳು ಸೆಕೆಂಡಿಗೆ 440 ಸಲ ಒಂದನ್ನೊಂದು ಮುಟ್ಟುತ್ತವೆ. ಊದಿಕೊಂಡಿರುವಾಗ ಒತ್ತಿ ಹಾಡಿದರೆ ಅಲ್ಲೇ ಗಂಟು ಬೆಳೆಯಬಹುದು. ಗೊಗ್ಗರು ದನಿ ಎರಡು ಮೂರು ವಾರ ಕಳೆದರೂ ಹೋಗದಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರ ಬಳಿ ಹೋಗಲೇಬೇಕು. ಕುಡಿದ ನೀರು ನೇರವಾಗಿ ಧ್ವನಿತಂತುಗಳನ್ನು ಮುಟ್ಟುವುದಿಲ್ಲ, ಮೈಯೆಲ್ಲ ತೇವವಾದಾಗ ಅವೂ ತೇವವಾಗುತ್ತವೆ. ಅದಕ್ಕೇ ವೇದಿಕೆಯ ಮೇಲಿನ ಒಂದು ಗುಟುಕಿಗಿಂತ ದಿನವಿಡೀ ಕುಡಿದದ್ದು ಮುಖ್ಯ.

ವಾದ್ಯದವರು ಜುಮುಗುಟ್ಟುವ ಬೆರಳು, ರಾತ್ರಿಯೂ ಹೋಗದ ಮಣಿಕಟ್ಟಿನ ನೋವನ್ನು ಅಧ್ಯಾಪಕರಿಗೆ ಅಂದೇ ತಿಳಿಸಿ. ಕೂರುವ ಭಂಗಿ ಅಥವಾ ವಾದ್ಯ ಹಿಡಿಯುವ ರೀತಿ ಬದಲಿಸಿದರೆ ಎಷ್ಟೋ ಸಲ ಸರಿಯಾಗುತ್ತದೆ. ಮುಚ್ಚಿಟ್ಟು ನುಡಿಸಿ, ಕೊನೆಗೆ ತಿಂಗಳುಗಟ್ಟಲೆ ವಾದ್ಯ ಮುಟ್ಟಲಾಗದೆ ಕೂತವರನ್ನು ಕಂಡಿದ್ದೇನೆ.

ಕಿವಿಯನ್ನೂ ಕಾಪಾಡಿಕೊಳ್ಳಿ. ದಿನಕ್ಕೆ ಎಂಟು ಗಂಟೆಗೆ 85 ಡೆಸಿಬೆಲ್ ಎಂಬುದು ಸುರಕ್ಷತೆಗೆ ಸೂಚಿಸುವ ಮಿತಿ. ಮೂರು ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧಕ್ಕಿಳಿಯುತ್ತದೆ. ಚಿಕ್ಕ ಕೋಣೆಯಲ್ಲಿ ಡ್ರಮ್ಮು, ಚಂಡೆ, ತುತ್ತೂರಿ ಅಭ್ಯಾಸ ಮಾಡುವವರು ಸಂಗೀತಗಾರರಿಗೆಂದೇ ಸಿಗುವ ಕಿವಿಬಿರಡೆ ಹಾಕಿಕೊಳ್ಳಲಿ. ಒಮ್ಮೆ ಸತ್ತ ಒಳಕಿವಿಯ ರೋಮಕೋಶ ಮತ್ತೆ ಹುಟ್ಟುವುದಿಲ್ಲ.

ವೇದಿಕೆ ಹತ್ತಿದರೆ ಕೈ ನಡುಗುತ್ತದೆ. ನಾನು ಪ್ರದರ್ಶನಕ್ಕೆ ತಕ್ಕವನೇ ಅಲ್ಲವೇನೋ?

ನಡುಕಕ್ಕೂ ಯೋಗ್ಯತೆಗೂ ಸಂಬಂಧವಿಲ್ಲ. ಅಪಾಯ ಬಂದಿದೆ ಎಂದು ಮೈ ತಿಳಿದುಕೊಂಡು ಅಡ್ರಿನಲಿನ್ ಸುರಿಸುತ್ತದೆ. ಎದೆ ಬಡಿತ ಏರುತ್ತದೆ, ಬೆರಳು ತಣ್ಣಗಾಗುತ್ತದೆ, ಬಾಯಿ ಒಣಗುತ್ತದೆ. ಆ ಸ್ಥಿತಿಯಲ್ಲಿ ಹಾಡುವುದನ್ನೂ ಅಭ್ಯಾಸ ಮಾಡಬಹುದು. ನಾಲ್ಕು ಮಹಡಿ ಮೆಟ್ಟಿಲು ಓಡಿ ಹತ್ತಿ, ಏದುಸಿರು ಇರುವಾಗಲೇ ವರ್ಣ ಶುರುಮಾಡಿ. ಇಬ್ಬರ ಎದುರು, ಐವರ ಎದುರು, ಇಡೀ ತರಗತಿಯ ಎದುರು ಹಾಡಿ. ಹಾಡುವ ಮುಂಚೆ ಉಸಿರು ತೆಗೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿ.

ಎಲ್ಲಕ್ಕಿಂತ ನೆರವಾಗುವುದು ರಚನೆಯ ನಡುವೆ ಎಲ್ಲಿಂದ ಬೇಕಾದರೂ ಹಿಡಿಯಬಲ್ಲೆ ಎಂಬ ಧೈರ್ಯ. ಬರೀ ಬಾಯಿಯ ರೂಢಿಯಲ್ಲಿ ನೆನಪಿಟ್ಟದ್ದು ಹೆದರಿದಾಗ ಕಳಚುತ್ತದೆ. ಇದು ಯಾವ ಸ್ವರ, ತಾಳದ ಎಲ್ಲಿ ಎತ್ತುಗಡೆ ಎಂದು ತಿಳಿದು ನೆನಪಿಟ್ಟದ್ದು ಉಳಿಯುತ್ತದೆ. ಲಕ್ಷಣದ ಪಾಠ ವೇದಿಕೆಯ ಮೇಲೆ ಕೈಹಿಡಿಯುವುದು ಹೀಗೆ. ಕೆಲವರು ಪ್ರೊಪ್ರನೊಲಾಲ್‌ನಂಥ ಮಾತ್ರೆ ನುಂಗುತ್ತಾರೆ. ಅದು ಹೃದಯಕ್ಕೆ ಸಂಬಂಧಿಸಿದ ಔಷಧ, ಆಸ್ತಮಾ ಇರುವವರಿಗೆ ಅಪಾಯಕಾರಿ. ಗೆಳೆಯರ ಕೈಯಿಂದ ಎಂದೂ ತೆಗೆದುಕೊಳ್ಳಬೇಡಿ.

ಪರೀಕ್ಷೆಯ ಕಛೇರಿಗೆ ರಚನೆಗಳನ್ನು ಹೇಗೆ ಜೋಡಿಸಲಿ?

ವರ್ಣದಿಂದ ಆರಂಭ, ಚುರುಕಾದ ಚಿಕ್ಕ ಕೃತಿಗಳು, ನಡುವೆ ವಿಸ್ತಾರವಾಗಿ ಒಂದು ರಾಗ, ತನಿ (ತಾಳವಾದ್ಯದವರು ಒಂಟಿಯಾಗಿ ನುಡಿಸುವ ಭಾಗ), ಕೊನೆಗೆ ದೇವರನಾಮದಂಥ ಹಗುರ ರಚನೆಗಳು. ಈ ಕ್ರಮ ನೆಲೆಗೊಳ್ಳುವಲ್ಲಿ ಗಾಯಕ ಅರಿಯಾಕುಡಿ ರಾಮಾನುಜ ಅಯ್ಯಂಗಾರರ (1890–1967) ಪಾಲು ದೊಡ್ಡದು. ನಲವತ್ತು ನಿಮಿಷದ ಪರೀಕ್ಷೆಗೂ ಅದೇ ಬೆಳವಣಿಗೆ ಒಗ್ಗುತ್ತದೆ. ಪಕ್ಕಪಕ್ಕದ ರಚನೆಗಳ ರಾಗ, ತಾಳ, ಕಾಲಪ್ರಮಾಣ ಬೇರೆಯಾಗಿರಲಿ. ಪಕ್ಕವಾದ್ಯದವರೊಂದಿಗೆ ಎರಡು ಸಲವಾದರೂ ಕೂತು ಅಭ್ಯಾಸ ಮಾಡಿ, ಅವರ ಹೆಸರನ್ನು ವೇದಿಕೆಯ ಮೇಲೆ ಹೇಳಿ.

ಕರ್ನಾಟಕ ಸಂಗೀತದ ವಿದ್ಯಾರ್ಥಿ ಹಾರ್ಮನಿ ಕಲಿಯುವುದರಲ್ಲಿ ಅರ್ಥವಿದೆಯೇ?

ಇದೆ. ಎರಡು ಧ್ವನಿಗಳು ಒಟ್ಟಿಗೆ ಪಂಚಮದ ಅಂತರದಲ್ಲೇ ಚಲಿಸಬಾರದು ಎಂಬ ನಿಯಮ ಆ ತರಗತಿಯ ಮೊದಲ ವಾರಗಳಲ್ಲೇ ಬರುತ್ತದೆ. ವಿದ್ಯಾರ್ಥಿಗಳಿಗೆ ಅದು ಸುಮ್ಮನೆ ಹಾಕಿದ ಬೇಲಿಯಂತೆ ಕಾಣುತ್ತದೆ. ಪಂಚಮ ಷಡ್ಜದೊಳಗೆ ಎಷ್ಟು ಚೆನ್ನಾಗಿ ಕರಗುತ್ತದೆಂದರೆ, ಎರಡು ಧ್ವನಿ ಆ ಅಂತರದಲ್ಲೇ ಸಾಗಿದರೆ ಕಿವಿಗೆ ಒಂದೇ ಧ್ವನಿಯಂತೆ ಕೇಳುತ್ತದೆ, ಎರಡನೆಯದರ ಸ್ವಾತಂತ್ರ್ಯ ಕಳೆದುಹೋಗುತ್ತದೆ. ನಿಯಮ ಹುಟ್ಟಿದ್ದು ಅಲ್ಲಿ. ಪಂಚಮ ಷಡ್ಜದಲ್ಲಿ ಕರಗುವುದನ್ನು ನಾವು ದಿನವೂ ತಂಬೂರಿಯಲ್ಲಿ ಕೇಳಿ ಸುಖಪಡುತ್ತೇವೆ. ಒಂದೇ ನಾದಗುಣವನ್ನು ಒಂದು ಪದ್ಧತಿ ಆಧಾರ ಮಾಡಿಕೊಂಡಿತು, ಇನ್ನೊಂದು ಹುಷಾರಾಗಿ ಬಳಸಿತು. ಇದು ಹೊಳೆದ ದಿನ ನನಗೆ ಆದ ಸಂತೋಷ ಇನ್ನೂ ನೆನಪಿದೆ.

ಹದಿನೆಂಟಕ್ಕೆ ಶುರುಮಾಡಿದರೆ ತಡವೇ?

ವಾದ್ಯಗಳಲ್ಲಿ ಕೈಚಳಕಕ್ಕೆ ಚಿಕ್ಕಂದಿನ ತರಬೇತಿ ನೆರವಾಗುತ್ತದೆ ಎಂಬುದು ನಿಜ. ಗಾಯನ, ಸಂಗೀತಶಾಸ್ತ್ರ, ಸಂಯೋಜನೆ, ಶಬ್ದಮುದ್ರಣ ಇವುಗಳಿಗೆ ತಡವಲ್ಲ. ಒಂದೆರಡು ವರ್ಷ ಗುರುಗಳ ಬಳಿ ಅಡಿಪಾಯ ಹಾಕಿಕೊಂಡು ಸೇರಿ.

ಓದಿದ ಮೇಲೆ ಬದುಕಿಗೇನು ದಾರಿ?

ಬರೀ ಕಛೇರಿಯಿಂದ ಜೀವನ ಸಾಗಿಸುವವರು ಎಲ್ಲ ಕಡೆಯೂ ಕಡಿಮೆ. ಇದನ್ನು ಮೊದಲೇ ಹೇಳುವುದು ನನ್ನ ಕರ್ತವ್ಯ. ಹೆಚ್ಚಿನವರ ಬದುಕು ಹಲವು ಎಳೆಗಳಿಂದ ನೇಯ್ದದ್ದು: ಪಾಠ, ಪಕ್ಕವಾದ್ಯ, ನೃತ್ಯಕ್ಕೆ ಹಾಡುವುದು, ಸ್ಟುಡಿಯೋ ಕೆಲಸ, ಚಿತ್ರ ಮತ್ತು ರಂಗಭೂಮಿಯ ಸಂಗೀತ, ಸಂಶೋಧನೆ, ಹಳೆಯ ಧ್ವನಿಮುದ್ರಣಗಳ ಸಂರಕ್ಷಣೆ. ಸಂಗೀತ ಚಿಕಿತ್ಸೆಗೆ ಹೋಗಬೇಕಾದರೆ ಅದರದೇ ಪ್ರತ್ಯೇಕ ತರಬೇತಿ ಬೇಕು. ಕೇಳಿದ್ದನ್ನು ಕೂಡಲೇ ಸ್ವರ ಬರೆದುಕೊಡಬಲ್ಲವರಿಗೆ, ಬೇರೆ ಶ್ರುತಿಗೆ ತಕ್ಷಣ ಬದಲಿಸಿ ನುಡಿಸಬಲ್ಲವರಿಗೆ ಸ್ಟುಡಿಯೋದಿಂದ ಎರಡನೆಯ ಕರೆ ಬರುತ್ತದೆ. ಓದುವಾಗಲೇ ಒಂದಿಬ್ಬರು ಮಕ್ಕಳಿಗೆ ಕಲಿಸಿ ನೋಡಿ. ಸರಳೆ ವರಸೆ ಹೇಳಿಕೊಡುವಾಗ ನಿಮಗೇ ಎಷ್ಟು ಗೊತ್ತಿರಲಿಲ್ಲ ಎಂದು ತಿಳಿಯುತ್ತದೆ, ಕಲಿಸುವುದು ನಿಮಗೆ ಹಿಡಿಸುತ್ತದೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ.

ಮೊದಲ ದಿನ ತರಗತಿಗೆ ಏನು ತರಬೇಕು?

ನಿಮ್ಮ ವಾದ್ಯ, ಅದಕ್ಕೆ ಬದಲಿ ತಂತಿ, ಶ್ರುತಿಯ ಆ್ಯಪ್ ಇರುವ ಫೋನು, ಒಂದು ನೋಟ್‌ಬುಕ್ಕು. ಪೆನ್ನಿನ ಬದಲು ಪೆನ್ಸಿಲ್ ತನ್ನಿ. ನೀವು ಈವರೆಗೆ ಹಾಡುತ್ತಿರುವ ಸಂಗತಿಗೂ ಅಲ್ಲಿ ಹೇಳಿಕೊಡುವ ಸಂಗತಿಗೂ ವ್ಯತ್ಯಾಸವಿರುತ್ತದೆ. ಎರಡನ್ನೂ ಒಂದರ ಕೆಳಗೊಂದು ಬರೆದಿಟ್ಟುಕೊಳ್ಳಿ, ಮೊದಲಿನದನ್ನು ಅಳಿಸಬೇಡಿ.